ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತು

ಕಳ್ಳನನ್ನು ಹಿಡಿಯಲು ಹೋದ ಪೊಲೀಸನೊಬ್ಬ ಕಳ್ಳನ ಮನೆಬಾಗಿಲಲ್ಲೇ ನಿಂತು, ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಬರುವವರೆಗೆ ಕಾಯುತ್ತಾನೆಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ನಮ್ಮ ದಫೇದಾರರು ತಮ್ಮ ಸೇವಾವಧಿಯುದ್ದಕ್ಕೂ ಹಾಗೆಯೇ ಕಾದರು. ಬಾಗಿಲು ತಟ್ಟಿ, ಹೆಸರು ಕೇಳಿ, ಯಾವ ಆಪಾದನೆಯೆಂದು ಮೆಲುದನಿಯಲ್ಲಿ ತಿಳಿಸಿದ ಮೇಲೆ ಅವರು ಆಡುತ್ತಿದ್ದ ಮಾತು ಒಂದೇ: "ಚಪ್ಪಲಿ ಹಾಕ್ಕೋ, ಹೋಗೋಣ. ಅವಸರ ಏನಿದೆ?" ಬಗ್ಗಿ ತನ್ನ ಚಪ್ಪಲಿಗೆ ತಾನೇ ಕಾಲು ತೂರಿಸುವ ಮನುಷ್ಯನ ಸಿಟ್ಟು ಅರ್ಧಕ್ಕರ್ಧ ಅಲ್ಲಿಯೇ ಇಳಿದುಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಬರಿಗಾಲಲ್ಲಿ ಎಳೆಸಿಕೊಂಡು ಹೋದವನನ್ನು ಹೆಂಡತಿ ಮಕ್ಕಳು ಜನ್ಮವಿಡೀ ಹಾಗೆಯೇ ನೆನೆಯುತ್ತಾರೆ; ಮೆಟ್ಟಿಕೊಂಡು ನಡೆದುಹೋದವನಾದರೆ ಏನೋ ಕೆಲಸದ ಮೇಲೆ ಹೊರಟಂತೆ ಕಾಣುತ್ತಾನೆ. ಠಾಣೆಯಲ್ಲಿ ಅವರಿಗೆ 'ಚಪ್ಪಲಿ ದಫೇದಾರ' ಎಂಬ ಬಿರುದು ದಕ್ಕಿದ್ದು ಹೀಗೆ. ಕೊಟ್ಟವರು ಗೇಲಿಗೆಂದು ಕೊಟ್ಟರು, ಇವರು ಗೌರವವೆಂದೇ ಸ್ವೀಕರಿಸಿದರು.

ನಾನು ಅವರ ನೆರೆಮನೆಯವನಾಗುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಭುಜಪಟ್ಟಿ ಬಿಚ್ಚಿದ ಖಾಕಿ ಸ್ವೆಟರೊಂದನ್ನು ಬಿಸಿಲಿರಲಿ ಚಳಿಯಿರಲಿ ತೊಟ್ಟೇ ಇರುತ್ತಿದ್ದರು; ಹೊಲಿಗೆ ಕಿತ್ತಲ್ಲಿ ಬಣ್ಣ ಮಾಸದೆ ಉಳಿದ ಎರಡು ಗೆರೆಗಳು ಅವರ ಹುದ್ದೆಯನ್ನು ಇನ್ನೂ ಸಾರುತ್ತಿದ್ದವು. ನಡಿಗೆಯಂತೂ ಬದಲಾಗಲೇ ಇಲ್ಲ. ಯಾರ ಜೊತೆ ಹೊರಟರೂ ಅವರ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಮೊಣಕೈಗೆ ತಗುಲಿಯೂ ತಗುಲದ ಹಾಗೆ ಕೈಯಿಟ್ಟು ನಡೆಯುವರು. ಒಮ್ಮೆ ತರಕಾರಿ ಅಂಗಡಿಯೆದುರು ಅವರ ಹೆಂಡತಿ ಸರ್ರನೆ ತಿರುಗಿ, "ಏನ್ರೀ, ನನ್ನನ್ನೂ ಕೋರ್ಟಿಗೆ ಹಾಜರು ಮಾಡ್ತೀರಾ? ಪಕ್ಕದಲ್ಲಿ ಬನ್ನಿ" ಎಂದು ಗದರಿದ್ದನ್ನು ಇಡೀ ಬೀದಿ ಕೇಳಿ ನಕ್ಕಿತ್ತು. ದಫೇದಾರರು ಪಕ್ಕಕ್ಕೆ ಬಂದರು, ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮತ್ತೆ ಹಿಂದಾದರು.

ಆದರೆ ಕಾಯುವ ಈ ಪದ್ಧತಿ ಒಂದು ಸಲ ಅವರಿಗೆ ಕೈಕೊಟ್ಟಿತ್ತು. ಚಪ್ಪಲಿ ತರುತ್ತೇನೆಂದು ಒಳಗೆ ಹೋದ ಒಬ್ಬ ಕಬ್ಬಿಣದ ಸಲಾಕೆ ಹಿಡಿದು ಹೊರಬಂದ. ಪೆಟ್ಟು ಬಿದ್ದದ್ದು ಇವರಿಗಲ್ಲ, ಪಕ್ಕದಲ್ಲಿ ನಿಂತಿದ್ದ ಜೀಪಿನ ಡ್ರೈವರಿಗೆ. ಇಬ್ಬರೂ ಅಣ್ಣತಮ್ಮಂದಿರಂತೆ ಒಂದೇ ಜೀಪಿನಲ್ಲಿ ಆಯುಸ್ಸು ಸವೆಸಿದವರು. ಡ್ರೈವರ್ ಬದುಕಿದ, ಬಲಗಣ್ಣು ಹೋಯಿತು. ಆಗ ಶಾಲೆಗೆ ಹೋಗುತ್ತಿದ್ದ ದಫೇದಾರರ ಒಬ್ಬಳೇ ಮಗಳು, ಅವನನ್ನು ಮಾಮ ಎಂದು ಕರೆಯುತ್ತ ಅವನ ಹೆಗಲೇರಿ ಬೆಳೆದವಳು, ಆಸ್ಪತ್ರೆಯಲ್ಲಿ ಅವನ ಉಳಿದ ಕಣ್ಣಿಗೆ ಹನಿ ಹಾಕುತ್ತ ಕೂತಿರುತ್ತಿದ್ದಳಂತೆ. ಡ್ರೈವರ್ ಗೆಳೆಯನನ್ನು ಒಂದು ಮಾತೂ ಅನ್ನಲಿಲ್ಲ. ಮಗಳೂ ಅನ್ನಲಿಲ್ಲ, ಮನಸ್ಸಿನಲ್ಲಿಟ್ಟುಕೊಂಡಳು. ದೊಡ್ಡವಳಾಗಿ ಸಬ್ ಇನ್ಸ್‌ಪೆಕ್ಟರ್ ಪರೀಕ್ಷೆ ಬರೆದು, ಅಪ್ಪನಿಗಿಂತ ಮೇಲಿನ ಹುದ್ದೆಗೇರಿ, ಅಪ್ಪ ಸಲ್ಯೂಟ್ ಹೊಡೆದಾಗ ನಾಚಿ ನಕ್ಕಳು. ಆ ನಗುವನ್ನು ನನಗೆ ಎಷ್ಟು ಬಾರಿ ಬಣ್ಣಿಸಿದರೂ ಅವರಿಗೆ ತೃಪ್ತಿಯಾಗುತ್ತಿರಲಿಲ್ಲ.

ಹಿಂದಿನ ವರ್ಷ ಅವಳು ಮೊಬೈಲ್ ರಿಪೇರಿಯವನೊಬ್ಬನನ್ನು ಬಂಧಿಸಲು ಹೋದಳು. ಕದ್ದ ಫೋನುಗಳನ್ನು ಕೊಂಡಿದ್ದಾನೆಂಬ ದೂರು. ಮೂರನೆಯ ಮಹಡಿಯ ಬಾಗಿಲಲ್ಲಿ ಆತ "ಕನ್ನಡಕ ತರ್ತೀನಿ ಮೇಡಂ" ಎಂದು ಒಳಗೆ ತಿರುಗಿದ. ಅವಳು ಕಾಯಲಿಲ್ಲ. ಹಿಂದಿನಿಂದ ತೋಳು ತಿರುಚಿ ಕೆಡವಿ, ಬರಿಗಾಲಲ್ಲೇ ಮೆಟ್ಟಿಲ ಮೇಲೆ ಎಳೆದು ತಂದಳು. ಆತನ ಭುಜದ ಕೀಲು ಮುರಿಯಿತು. ಸೂಕ್ಷ್ಮ ಕೆಲಸದ ಆ ಬಲಗೈ ಈಗ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಒಳಗೆ ಮೇಜಿನ ಮೇಲೆ ನಿಜವಾಗಿಯೂ ಕನ್ನಡಕವೇ ಇತ್ತು. ಎದುರು ಮನೆಯ ಬಾಲ್ಕನಿಯಿಂದ ಯಾರೋ ಇದನ್ನೆಲ್ಲ ಚಿತ್ರೀಕರಿಸಿದರು, ಸಂಜೆಯೊಳಗೆ ಅದು ಊರಿನ ಪ್ರತಿ ಅಂಗೈಯಲ್ಲೂ ಇತ್ತು.

ಊರು ಎರಡು ಹೋಳಾಯಿತು. ಕ್ಷೌರದಂಗಡಿಯಲ್ಲಿ ಒಂದು ಗುಂಪು "ಪೊಲೀಸರ ಕೈ ಕಟ್ಟಿದ್ರೆ ನಾಳೆ ನಿಮ್ಮನೆ ಕಾಯೋರು ಯಾರು?" ಎಂದು ಕೇಳಿದರೆ, ಚಹಾದಂಗಡಿಯಲ್ಲಿ ಇನ್ನೊಂದು ಗುಂಪು "ನಾಳೆ ನಿಮ್ಮ ಮಗನ ಕೈ ಮುರಿದ್ರೆ?" ಎಂದು ಕೇಳುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ದಫೇದಾರರು ಮಾತ್ರ ಎರಡೂ ಅಂಗಡಿಗಳನ್ನು ಬಿಟ್ಟು ಮನೆಯಲ್ಲೇ ಗಡ್ಡ ಹೆರೆದುಕೊಂಡು, ಮನೆಯಲ್ಲೇ ಚಹಾ ಕುಡಿದರು.

ಕೊನೆಗೆ ಗ್ರಂಥಾಲಯದ ಸಭಾಂಗಣದಲ್ಲಿ ಸಾರ್ವಜನಿಕ ಚರ್ಚೆ ಏರ್ಪಟ್ಟಿತು. ವಕೀಲರೊಬ್ಬರು, ನಿವೃತ್ತ ಅಧಿಕಾರಿಯೊಬ್ಬರು ವೇದಿಕೆಯ ಮೇಲೆ ಸೊಗಸಾಗಿಯೇ ವಾದಿಸಿದರು. ಹಿಂದಿನ ಸಾಲಿನಲ್ಲಿ ನನ್ನ ಎಡಕ್ಕೆ ಕೂತಿದ್ದ ದಫೇದಾರರನ್ನು ಯಾರೋ ಗುರುತಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಅವರು ಎದ್ದು ನಿಂತರು. ಬಿಸಿತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ನಾನಾಗಿದ್ರೆ ಕಾಯ್ತಿದ್ದೆ. ಕಾದು ಒಬ್ಬರ ಕಣ್ಣು ಕಳೆದೋನು ನಾನು. ಆದ್ರೂ ಕಾಯ್ತಿದ್ದೆ. ಅರೆಸ್ಟ್ ಅಂದ್ರೆ ಕರ್ಕೊಂಡು ಬರೋದು ಅಷ್ಟೇ, ಶಿಕ್ಷೆ ಕೊಡೋದಲ್ಲ."

"ಹಾಗಾದ್ರೆ ನಿಮ್ಮ ಮಗಳು ಮಾಡಿದ್ದು?"

"ತಪ್ಪು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ಗದ್ದಲದ ನಡುವೆ ಅವರು ಇನ್ನೊಂದು ಮಾತನ್ನೂ ಆಡಿದ್ದರು, ಪಕ್ಕದಲ್ಲಿದ್ದ ನನಗೆ ಕೇಳಿಸಿತು: "ಅವಳಿಗೆ ಆ ಹೆದರಿಕೆ ಹುಟ್ಟಿಸಿದ್ದೂ ನಾನೇ." ಮರುದಿನದ ಪತ್ರಿಕೆಯಲ್ಲಿ 'ತಪ್ಪು' ಎಂಬ ಪದ ದೊಡ್ಡಕ್ಷರದಲ್ಲಿ ಬಂತು, ಈ ಮಾತು ಬರಲಿಲ್ಲ.

ಅಂದಿನಿಂದ ಮಗಳು ಮನೆಗೆ ಬರುವುದನ್ನು ನಿಲ್ಲಿಸಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಹೆಂಡತಿ ಒಂದೇ ಸಲ ಅಂದರು, ಅಂದು ತಾವೇ ಅತ್ತರು. ತಾಯಿಗೆ ಮಾತ್ರ ಮಗಳ ಫೋನು ಬರುತ್ತಿತ್ತು. ಅಡುಗೆಮನೆಯಲ್ಲಿ ತಾಯಿ ಮಾತಾಡುತ್ತಿದ್ದರೆ ದಫೇದಾರರು ನಡುಮನೆಯಲ್ಲಿ ಪತ್ರಿಕೆ ಹಿಡಿದು, ಹಾಳೆ ಸದ್ದಾದೀತೆಂದು ಮಗುಚದೆ ಕೂತಿರುವರು. ಕೊನೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. "ಹೂಂ ಕಣೇ, ಮಾತ್ರೆ ತಗೋತಾರೆ" ಎಂದು ತಾಯಿ ಉತ್ತರಿಸುವುದನ್ನು ಕೇಳಿದ ಮೇಲೆಯೇ ಅವರು ಪುಟ ತಿರುಗಿಸುತ್ತಿದ್ದರು. ಆ ಉತ್ತರ ಸುಳ್ಳಾಗಬಾರದೆಂದು, ಗುಳಿಗೆಯೆಂದರೆ ಮಾರುದೂರ ಓಡುತ್ತಿದ್ದ ಮನುಷ್ಯ ಹೊತ್ತುಹೊತ್ತಿಗೆ ಮಾತ್ರೆ ನುಂಗತೊಡಗಿದರು.

ಇಲಾಖಾ ವಿಚಾರಣೆ ಆರಂಭವಾಯಿತು. ವಿಚಾರಣೆಯ ದಿನಗಳಲ್ಲಿ ಕಚೇರಿಯೆದುರು ಜನ ಫಲಕ ಹಿಡಿದು ಸೇರುತ್ತಿದ್ದರು, ದಫೇದಾರರು ಒಂದು ದಿನವೂ ತಪ್ಪಿಸಲಿಲ್ಲ. ಹೋರಾಟದವರು ಅವರಿಗೆ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟರು. ಹಳೆಯ ಸಹೋದ್ಯೋಗಿಗಳು ಎದುರಾದಾಗ ಮುಖ ತಿರುಗಿಸಿದರು. ಆ ವಯಸ್ಸಿನಲ್ಲಿ ಅವರ ನ್ಯಾಯನಿಷ್ಠೆಯನ್ನು ಕಂಡು ನನಗೂ ಬೆರಗು. ಒಂದು ದಿನ ಜೊತೆಗೆ ಹೋದೆ, ಆಗ ತಿಳಿಯಿತು. ಜೀಪು ಬಂತು, ಮಗಳು ಇಳಿದಳು, ಸುತ್ತಲಿನವರೆಲ್ಲ ಧಿಕ್ಕಾರ ಕೂಗಿದರು. ಇವರು ಮಾತ್ರ ಬಾಯಿ ಬಿಡದೆ, ಕೊರಳುದ್ದ ಮಾಡಿ, ಅವಳು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಮರೆಯಾಗುವವರೆಗೆ ನೋಡಿದರು. "ಸೊರಗಿದಾಳೆ ಅಲ್ವಾ? ಎಡಗಾಲು ಸ್ವಲ್ಪ ಎಳೀತಾಳೆ, ನೋಡಿದ್ರಾ?" ಎಂದರು. ಮಗಳ ಮುಖ ಕಾಣಲು ಅವರಿಗೆ ಈ ಲೋಕದಲ್ಲಿ ಉಳಿದಿದ್ದ ಜಾಗ ಅದೊಂದೇ, ಅವಳ ವಿರೋಧಿಗಳ ಮುಂದಿನ ಸಾಲು.

ಅಂದೇ ಆ ಅನಾಹುತವೂ ಆಯಿತು. ಪಕ್ಕದಲ್ಲಿದ್ದ ಕಾನೂನು ವಿದ್ಯಾರ್ಥಿನಿ "ಸ್ವಲ್ಪ ಹಿಡ್ಕೊಳ್ಳಿ ಸಾರ್, ನೀರು ಕುಡಿದು ಬಂದೆ" ಎಂದು ತನ್ನ ಫಲಕವನ್ನು ಅವರ ಕೈಗಿತ್ತು ಹೋದಳು. ಅಷ್ಟರಲ್ಲಿ ಮಗಳು ಯಾವುದೋ ಕಾಗದ ತರಲು ಜೀಪಿಗೆ ಹಿಂದಿರುಗಿದಳು, ಅದುವರೆಗೆ ಗುಂಪಿನತ್ತ ನೋಡದೇ ಇದ್ದವಳು ಅಂದು ತಲೆಯೆತ್ತಿದಳು, ಅಪ್ಪನನ್ನು ಕಂಡಳು. 'ಬಂಧನ ಶಿಕ್ಷೆಯಲ್ಲ' ಎಂದು ಫಲಕದ ಮೇಲಿತ್ತು. ಬೇರಾವ ಮಾತಾಗಿದ್ದರೂ ಅವರು ಅದನ್ನು ನೆಲಕ್ಕೆ ಬಿಸಾಡುತ್ತಿದ್ದರು. ಅದು ಅವರದೇ ಮಾತು, ಇಂದಿಗೂ ಅವರು ನಂಬಿದ ಮಾತು. ಬಿಸಾಡಲಾರದೆ, ಎತ್ತಿ ಹಿಡಿಯಲೂ ಆರದೆ, ಎದೆಗವಚಿಕೊಂಡು ನಿಂತರು. ಮಗಳು ಅದನ್ನು ಓದಿ, ಕಾಗದ ತೆಗೆದುಕೊಂಡು ಒಳಗೆ ಹೋದಳು. ಆ ವಾರ ತಾಯಿಗೆ ಫೋನು ಬಂತು. ಮಾತ್ರೆಯ ಪ್ರಶ್ನೆ ಬರಲಿಲ್ಲ.

ವಿಚಾರಣೆ ಮುಗಿದು ತೀರ್ಮಾನ ಹೊರಬಿತ್ತು: ಅತಿಯಾದ ಬಲಪ್ರಯೋಗ ನಡೆದದ್ದು ನಿಜ; ಅಧಿಕಾರಿಗೆ ಹಿಂಬಡ್ತಿ, ದೂರದೂರಿಗೆ ವರ್ಗ; ರಿಪೇರಿಯವನಿಗೆ ಪರಿಹಾರ. ನ್ಯಾಯವಾದ ತೀರ್ಪೆಂದೇ ನನಗೂ ತೋರಿತು. ಕಚೇರಿಯೆದುರು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆ ವಿದ್ಯಾರ್ಥಿನಿ ಓಡಿಬಂದು ದಫೇದಾರರ ಎರಡೂ ಕೈ ಹಿಡಿದು, "ಗೆದ್ವಿ ಸಾರ್!" ಎಂದಳು.

"ಒಳ್ಳೇದಾಯ್ತಮ್ಮ, ಆಗ್ಬೇಕಾದ್ದೇ ಆಯ್ತು" ಎಂದ ದಫೇದಾರರು ಕಚೇರಿಯ ಮೆಟ್ಟಿಲುಗಳ ಕಡೆ ನೋಡುತ್ತ ಕೇಳಿದರು, "ಮತ್ತೆ ಯಾವಾಗ ಸೇರ್ತೀರಿ?"

"ಇನ್ಯಾಕೆ ಸಾರ್? ಎಲ್ಲ ಮುಗೀತಲ್ಲ!"

ತಮ್ಮವರ ತಪ್ಪನ್ನು ತಪ್ಪೆಂದು ಹೇಳಬಲ್ಲ ಇಂಥವರು ಪ್ರತಿ ಊರಿಗೂ ಒಬ್ಬಿಬ್ಬರು ಇರುತ್ತಾರೆ, ಇರಲೇಬೇಕು; ಅವರ ಒಂದು ಮಾತಿನ ಆಸರೆಯಲ್ಲಿ ಊರು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ಅವರು ಕಲ್ಲೆದೆಯವರೆಂದು ಒಂದು ಗುಂಪು ತಿಳಿಯುತ್ತದೆ, ಧೀರರೆಂದು ಇನ್ನೊಂದು ಗುಂಪು. ಎರಡೂ ಅಲ್ಲ, ಅವರು ನಮ್ಮ ಹಾಗೆಯೇ ಮಕ್ಕಳ ಮುಖಕ್ಕೆ ಹಂಬಲಿಸುವವರು. ನಾವು ಚಪ್ಪಾಳೆ ತಟ್ಟಿ, ನ್ಯಾಯ ಗೆದ್ದಿತೆಂದು ನಮ್ಮ ನಮ್ಮ ಮಕ್ಕಳಿರುವ ಮನೆಗೆ ಹೋಗುತ್ತೇವೆ. ಅವರು, ತಾವಾಡಿದ ಮಾತಿನ ಒಂದಕ್ಷರವನ್ನೂ ಹಿಂತೆಗೆದುಕೊಳ್ಳದೆ, ಮಗಳಿಲ್ಲದ ಮನೆಗೆ ಹೋಗುತ್ತಾರೆ.