ಹೂತವರ ಮಾತು

ಸ್ಮಶಾನದ ಕೆಳಗೆ ತಾಮ್ರವಿದೆ ಎಂದ ಗಣಿ ಕಂಪನಿಯ ಭೂವಿಜ್ಞಾನಿ ಕಪೆಸಾ ಒಳ್ಳೆಯ ಹುಡುಗನೇ. ರಾಜಧಾನಿ ಲುಸಾಕಾದಲ್ಲಿ ಓದಿದ್ದರೂ ನಮ್ಮ ಲಾಂಬಾ ಮಾತನ್ನು ತಡವರಿಸದೆ ಆಡುತ್ತಾನೆ. ಸ್ಮಶಾನದಲ್ಲಿ ಮರಗಳು ಎತ್ತರಕ್ಕೆ ಬೆಳೆಯುವುದಿಲ್ಲ, ನೀಲಿ ಹೂವಿನ ಗಿಡ ಮಾತ್ರ ಹಬ್ಬುತ್ತದೆ; ಅದೇ ತಾಮ್ರದ ಗುರುತಂತೆ. ಮಣ್ಣಿನ ಪರೀಕ್ಷೆಯಲ್ಲೂ ತಾಮ್ರವೇ ಸಿಕ್ಕಿತಂತೆ. ಕಪ್ಪು ಕಲ್ಲಿನ ಪದರವೊಂದು ಅಲ್ಲಿಂದ ಓರೆಯಾಗಿ ಇಳಿದು ತೊರೆಯ ಕಡೆ ಮತ್ತೆ ಮೇಲೇಳುತ್ತದೆ, ಕೊರೆದರಷ್ಟೇ ಅದರ ದಪ್ಪ ತಿಳಿಯುತ್ತದೆ ಎಂದು ಊರವರನ್ನು ಕೂರಿಸಿಕೊಂಡು ವಿವರಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನ ಪಿತ್ತ ಕೆರಳಿಸಿದವನು ಊರ ಮುಖಂಡ ಲುಂಬೆಟ. ಆ ಸ್ಮಶಾನ ಅವನ ಮೇಕೆ ಕುಲದವರದು. ಕಂಪನಿ ರಸ್ತೆ ಮಾಡಿಕೊಡುತ್ತದೆ ಎಂದದ್ದೇ ತಡ, ತಲೆಯಾಡಿಸಿಬಿಟ್ಟಿದ್ದ.

ನಾನು ಚಿರತೆ ಕುಲದವಳು. ಮೇಕೆಯವರನ್ನು ಬಾಯಿಗೆ ಬಂದಂತೆ ಬೈಯುವ ಹಕ್ಕು ನಮಗಿದೆ, ನಮ್ಮನ್ನು ಬೈಯುವ ಹಕ್ಕು ಅವರಿಗೆ, ಯಾರೂ ಮುನಿಸಿಕೊಳ್ಳುವಂತಿಲ್ಲ. ಅವರ ಹೆಣ ಹೂಳುವವರು ನಾವು, ನಮ್ಮ ಹೆಣ ಹೂಳುವವರು ಅವರು. ಕೊರೆಯುವ ಯಂತ್ರದ ಲಾರಿ ಬಂದ ಬೆಳಿಗ್ಗೆ ನಾನು ಗೋರಿಗಳ ಮಧ್ಯೆ ಚಾಪೆ ಹಾಸಿ ಕೂತೆ.

“ಲೇ ಮೇಕೆ, ಒಂದು ಹಿಡಿ ಸೊಪ್ಪು ತೋರಿಸಿದ್ರೆ ಅವ್ವನ ಗೋರೀನೂ ಬಿಟ್ಟು ಹಿಂದೆ ಹೋಗ್ತೀಯಲ್ಲ,” ಎಂದೆ. ಜನ ಗೊಳ್ಳೆಂದು ನಕ್ಕರು. ಲುಂಬೆಟ ನೆಲ ನೋಡಿದ.

ಮುಖಂಡರೇ ಒಪ್ಪಿದ್ದಾರಲ್ಲ ಅಮ್ಮ ಎಂದ ಕಪೆಸಾ.

“ಬದುಕಿರೋ ಮೇಕೆಗಳಿಗೆ ಅವನು ಮುಖಂಡ. ಸತ್ತವರನ್ನ ಹೂತಿದ್ದು ನಾವು. ಅವರನ್ನ ಅಲುಗಿಸ್ಬೇಕಾದ್ರೆ ನಮ್ಮನ್ನ ಕೇಳ್ಬೇಕು. ನಾನು ಆಗಲ್ಲ ಅಂದೆ.”

ಹುಡುಗ ಚುರುಕು. ಹಾಗಾದರೆ ತೊರೆಯ ಹತ್ತಿರ ಕೊರೆಯುತ್ತೇವೆ, ಪದರ ಅಲ್ಲೂ ಇದೆ ಎಂದ. ಅಲ್ಲಿರುವುದು ನಮ್ಮ ಚಿರತೆಗಳ ಸ್ಮಶಾನ. ನಾನೇ ಈಗಷ್ಟೇ ಸಾರಿದ ಕಟ್ಟಳೆಯಂತೆ ಅಲ್ಲಿ ನಡೆಯುವುದು ಲುಂಬೆಟನ ಮಾತು. ರಸ್ತೆಗಾಗಿ ಅವ್ವನನ್ನೇ ಬಿಟ್ಟುಕೊಟ್ಟವನು, ಊರೆದುರು ನನ್ನಿಂದ ಆಗತಾನೆ ಮಾನ ಕಳೆದುಕೊಂಡವನು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಕಪೆಸಾ ಅವನ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದು ಕೇಳಿದ.

“ಈ ಚಿರತೆ ಬಾಯಿ ನೋಡಿದ್ರಲ್ಲ ಸಾರ್. ಇವಳನ್ನ ಯಾವತ್ತು ಹೂಳ್ತೀನೋ ಅಂತ ಕಾಯ್ತಾ ಇದೀನಿ,” ಎಂದ ಲುಂಬೆಟ. ಯಾರೂ ನಗಲಿಲ್ಲ. “ಇವಳ ಮಗಳನ್ನ ಅಲ್ಲಿ ಇಳಿಸಿದ್ದು ನಾನು. ಈ ಕೈಯಲ್ಲೇ ಮಣ್ಣು ಹಾಕಿದೀನಿ. ಅಲ್ಲೂ ಆಗಲ್ಲ. ನಿಮ್ಮ ರಸ್ತೆ ನೀವೇ ಇಟ್ಕೊಳ್ಳಿ.”

ಮೇಲಿನವರಿಗೆ ತಿಳಿಸಿ ಮತ್ತೆ ಬರುತ್ತೇನೆಂದು ಕಪೆಸಾ ಲಾರಿ ತಿರುಗಿಸಿದ. ಲುಂಬೆಟನಿಗೆ ಏನಾದರೂ ಬೈಗುಳ ಎಸೆಯಬೇಕಿತ್ತು, ಅದು ಪದ್ಧತಿ. ಒಂದೂ ಸಿಗಲಿಲ್ಲ, ಕೂತಲ್ಲೇ ಅತ್ತುಬಿಟ್ಟೆ. ಅವನು ಹತ್ತಿರ ಬಂದು ಚಾಪೆಯಂಚಿನಲ್ಲಿ ಚಪ್ಪಲಿ ಬಿಟ್ಟ.

“ನಾಳೇನೂ ಬರ್ತಾರೆ ಕಣೇ. ಸರ್ಕೋ, ನಂಗೂ ಜಾಗ ಬಿಡು.”