ಹೊಳೆಯ ಆಣೆ

“ಎಲ್ಲಿಗಿ ಹೋತು ಈ ಊರು?”

ಪಾರ್ವತೆಮ್ಮ ಊರ ಅಗಸಿ ಬಾಗಿಲ ಒಳಗೆ ನಿಂತು ಕೇಳಿದಳು. ಯಾರನ್ನು ಕೇಳಿದಳೋ ಅವಳಿಗೇ ತಿಳಿಯದು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ಬೀಸುವ ಕಲ್ಲಿನ ಬಾಯಲ್ಲಿ ಹಿಡಿ ಜೋಳ ಹಾಗೇ ಉಳಿದಿತ್ತು. ಯಾರದೋ ಅಂಗಳದ ಒಲೆಯ ಮೇಲೆ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಅವಳು ಸೆರಗಿನಿಂದ ಹಂಚು ಇಳಿಸಿ, ಕೆಂಡಕ್ಕೆ ಬೂದಿ ಮುಚ್ಚಿದಳು.

ಉತ್ತರ ಬಂದದ್ದು ಕೇರಿಯ ಕೊನೆಯ ಗುಡಿಸಲಿನಿಂದ.

“ಊರು ಸಜ್ಜಿ ಹೊಲದಾಗ ಅದ. ಕಾಲಿದ್ದೋರೆಲ್ಲ ಅಲ್ಲಿ, ಕಾಲಿಲ್ದೋನು ನಾನೊಬ್ಬ ಇಲ್ಲಿ.”

ಅದು ಅಯ್ಯಣ್ಣನ ದನಿ. ಹರಿಗೋಲು ಹಾಕಿ ಊರಿಗೆ ಊರನ್ನೇ ಹೊಳೆ ದಾಟಿಸಿದ ಮನುಷ್ಯ. ಲಕ್ವಾ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋಗಿ ಎಷ್ಟೋ ವರ್ಷಗಳಾಗಿದ್ದವು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಪಾರ್ವತೆಮ್ಮ ಸರಕಾರದ ಆಯಾ. ನರ್ಸಮ್ಮ ಹಸೀನಾ ಬೇಗಂ ಹಿಂದೆ ಹೆರಿಗೆಯ ಪೆಟ್ಟಿಗೆ ಹೊತ್ತು ಚೀಕಲಪರ್ವಿಯ ಸುತ್ತಿನ ಹೊಳೆದಂಡೆಯ ಹಳ್ಳಿಗಳನ್ನು ತಿರುಗುವುದು ಅವಳ ನೌಕರಿ. ಅಯ್ಯಣ್ಣನ ಮೈ ತೊಳೆಯುವುದಾಗಲಿ, ಕುರುಡಿ ರಂಜಾನಬಿಯ ತಲೆ ಬಾಚಿ ರೊಟ್ಟಿ ಮುರಿದು ಕೊಡುವುದಾಗಲಿ ಯಾವ ಸಾಹೇಬರೂ ಹೇಳಿದ ಕೆಲಸವಲ್ಲ.

ಅರಕೇರಾದಲ್ಲಿ ಅವಳ ಅಪ್ಪ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ಒಂದು ಸಾಲನ್ನು ಅರ್ಧಕ್ಕೆ ಬಿಟ್ಟು ಸುಮ್ಮನಾಗುವುದು ಅವನ ರೂಢಿ. ಉಳಿದರ್ಧವನ್ನು ಕೇಳುತ್ತ ಕೂತವರು ತುಂಬಬೇಕು. ಮಗಳು ಹಾಡಲು ಕಲಿಯಲಿಲ್ಲ. ಅರ್ಧಕ್ಕೆ ನಿಂತದ್ದು ಕಂಡರೆ ತುಂಬದೆ ಇರಲಾಗದ ಚಟವೊಂದು ಮಾತ್ರ ಅವಳಲ್ಲಿ ಉಳಿದುಬಿಟ್ಟಿತು.

“ಯಾಕ ಓಡ್ಯಾರ ಮಾವ?”

“ಜೀಪಿನ ಸಪ್ಪಳ ಕೇಳಿ. ಕೊಯ್ಯೋ ಜೀಪು ಬಂತು ಅಂತ. ನನ್ನ ಬಿಟ್ಟು ಹೋಗ್ರಪಾ, ನನ್ನ ಕೊಯ್ದ್ರ ಅವರ ಕತ್ತರಿಗೇ ನಾಚಿಕಿ ಅಂದೆ.” ಅವನು ನಕ್ಕ. ಮುಖದ ಎಡಗಡೆ ಮಾತ್ರ ನಕ್ಕಿತು.

ತುರ್ತು ಪರಿಸ್ಥಿತಿಯ ಎರಡನೆಯ ವರ್ಷ ಅದು, ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿದೊಯ್ಯುತ್ತಿದ್ದ ಕಾಲ. ಮೈಮೇಲಿನ ಮದುವೆಯ ಅರಿಷಿಣ ಇನ್ನೂ ಮಾಸದ ಯಂಕೋಬ ಕವಿತಾಳದ ಸಂತೆಗೆ ಹೋದವನು, ಕಣ್ಣಿನ ತಪಾಸಣೆ ಎಂದವರ ಜೀಪು ಹತ್ತಿದ್ದ. ಸಂಜೆ ತಲೆ ತಗ್ಗಿಸಿಕೊಂಡು, ಕಾಲು ಅಗಲಿಸಿಕೊಂಡು ಮನೆಗೆ ಬಂದ. ಅಂದಿನಿಂದ ಅವನು ಕಟ್ಟೆಗೆ ಬಂದು ಕೂತದ್ದನ್ನು ಯಾರೂ ಕಂಡಿಲ್ಲ. ಅವನ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿಲ್ಲ. ಆಮೇಲೆ ಹೊಳೆದಂಡೆಯ ಹಳ್ಳಿಗಳಲ್ಲಿ ಜೀಪೆಂದರೆ ಕತ್ತರಿ.

ಈಗ ಪಾರ್ವತೆಮ್ಮನೊಂದಿಗೆ ಬಂದಿದ್ದ ಜೀಪಿನಲ್ಲಿ ಕತ್ತರಿ ಇರಲಿಲ್ಲ. ದೇವದುರ್ಗದಿಂದ ತರಿಸಿದ ಸಲೈನ್ ಬಾಟಲಿಗಳಿದ್ದವು. ಹೊಳೆಗೆ ಹೊಸ ನೀರು ಬಂದ ಬೆನ್ನಿಗೇ ವಾಂತಿಭೇದಿ ಊರು ಹೊಕ್ಕಿತ್ತು. ಇದು ನಮ್ಮ ಹೊಳೆಯಲ್ಲಿ ಹುಟ್ಟಿದ ಬೇನೆಯಲ್ಲ, ಸಮುದ್ರದಾಚೆಯ ಯಾವುದೋ ದ್ವೀಪದಿಂದ ಹೊರಟು ಹದಿನೈದು ವರ್ಷದಿಂದ ದೇಶದೇಶ ತಿರುಗುತ್ತಿದೆ ಎಂದು ಹಸೀನಾ ಬೇಗಂ ಹೇಳಿದಾಗ, ಇಷ್ಟು ದೂರ ಬಂದದ್ದಕ್ಕೆ ಒಂದು ಕಪ್ಪು ಚಾ ಕುಡಿದು ಹೋಗಲಿ ಎಂದಿದ್ದ ಅಯ್ಯಣ್ಣ. ಈಗ ಅವನು ನಗುವುದನ್ನು ನಿಲ್ಲಿಸಿದ.

“ಭೇದಿ ಹಿಡ್ದಿದ್ರೂ ರೊಟ್ಟಿ ಸುಡಾಕ ಕುಂತಿದ್ದ ಬಸ್ಸಮ್ಮನ್ನ ಕೌದ್ಯಾಗ ಹಾಕ್ಕೊಂಡು ಹೊತಗೊಂಡು ಹೋದ್ರು. ಕಣ್ಣು ಒಳಗ ಹೋಗ್ಯಾವ. ರಂಜಾನಬಿನೂ ಹಂಗ ಆಗ್ಯಾಳ. ಲಗೂನ ಏನಾರ ಮಾಡು.”

ಪಾರ್ವತೆಮ್ಮ ಹಳ್ಳದ ಬಳಿ ನಿಂತಿದ್ದ ಜೀಪಿಗೆ ತಿರುಗಿ ಹೋದಳು. ಡಾಕ್ಟರು ಇನ್ನೂ ಹುಡುಗ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಜೀಪಿನಲ್ಲಿರುವುದು ವಾಂತಿಭೇದಿಯ ಔಷಧವೊಂದೇ ಹೌದೋ ಎಂದು ಅವಳು ಕೇಳಿದಳು. ಹೌದು ಎಂದರು. ನಾಳೆಯೋ ಎಂದು ಕೇಳಿದಳು. ನಾಳೆಯೂ ಅಷ್ಟೇ, ಈ ಊರಲ್ಲಿ ತಮಗೆ ಬೇರೆ ಕೆಲಸವಿಲ್ಲ ಎಂದು ಅವರು ಕನ್ನಡಕ ಒರೆಸುತ್ತ ಹೇಳಿದರು. ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ಅವಳು ಹೊಲದ ದಾರಿ ಹಿಡಿದಳು.

ಸಜ್ಜೆ ಆಳೆತ್ತರ ಬೆಳೆದಿತ್ತು. ನಾಲ್ಕು ಸಾಲು ಒಳಗೆ ಹೋಗುತ್ತಲೇ ನಾತ ಬಂತು, ಅದರ ಹಿಂದೆ ನರಳುವ ಸದ್ದು. ಹೊಲದ ಯಜಮಾನ ಹಂಪಣ್ಣ ಬದುವಿನ ಮೇಲೆ ಕೂತಿದ್ದ. ಊರಿನಲ್ಲಿ ಅವನದೇ ಕೊನೆಯ ಮಾತು. ಪಾರ್ವತೆಮ್ಮ ದೂರದಲ್ಲೇ ನಿಂತು ಡಾಕ್ಟರು ಹೇಳಿದ್ದನ್ನು ಹೇಳಿದಳು.

“ಕವಿತಾಳದಾಗೂ ಹಿಂಗ ಅಂದಿದ್ರು,” ಎಂದ ಹಂಪಣ್ಣ. “ನಿನ್ನ ಹೆಂಗ ನಂಬೂದು?”

“ಆಣಿ ಮಾಡ್ತೀನ್ರಿ ಧಣೇರ.”

ಎಲ್ಲಿ ಮಾಡುವುದು ಎಂಬುದು ಇಬ್ಬರಿಗೂ ಗೊತ್ತಿದ್ದ ತೊಡಕು. ಗುಡಿಯ ಮೆಟ್ಟಿಲು ಅವಳ ಜನ ಹತ್ತುವಂತಿರಲಿಲ್ಲ. ಹೊಳೆಯೊಂದೇ ಯಾರನ್ನೂ ತಡೆಯದು.

“ಹೊಳಿ ಆಣಿ ಮಾಡು,” ಎಂದ ಅವನು. “ಬೊಗಸಿ ತುಂಬ ನೀರು ಕುಡ್ದು ಹೇಳು. ಸುಳ್ಳಾದ್ರ ಬರೋ ಅಮಾಸಿ ಒಳಗ ಗಂಗವ್ವ ನಿನ್ನ ಹೊಟ್ಟಿ ಹಿಡೀತಾಳ. ಏನೂ ಆಗ್ಲಿಲ್ಲ, ಆಗ ನೀ ಖರೇ.”

ಹೊಳೆ ಹೊಲದ ಅಂಚಿಗೇ ಇತ್ತು. ಕೆಂಪಗೆ, ದಪ್ಪಗೆ ಹರಿಯುತ್ತಿತ್ತು. ಮೇಲಿನ ಮಡುವಿನಲ್ಲಿ ರೋಗಿಗಳ ಕೌದಿ ಒಗೆದದ್ದನ್ನು ಅವಳೇ ನೋಡಿದ್ದಳು. ಕಾಯಿಸದೆ ಈ ನೀರು ಕುಡಿಯಬೇಡಿ ಎಂದು ಮನೆಮನೆಗೆ ಹೇಳಿ ಬೈಸಿಕೊಂಡವಳೂ ಅವಳೇ. ಗಂಗವ್ವನ ಮೇಲೆ ಅವಳಿಗೆ ನಂಬಿಕೆ ಇಲ್ಲದಿಲ್ಲ. ಆದರೆ ಈ ನೀರು ಖರೇ ಹೇಳಿದವರ ಹೊಟ್ಟೆಯನ್ನೂ ಹಿಡಿಯುತ್ತದೆ, ಸುಳ್ಳು ಹೇಳಿದವರ ಹೊಟ್ಟೆಯನ್ನೂ ಹಿಡಿಯುತ್ತದೆ. ಅದನ್ನು ಹಂಪಣ್ಣನಿಗೆ ತಿಳಿಸಿ ಹೇಳುತ್ತ ಕೂರುವಷ್ಟು ಹೊತ್ತು ಬಸ್ಸಮ್ಮನಿಗೆ ಇರಲಿಲ್ಲ. ಅವಳ ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು.

ಪಾರ್ವತೆಮ್ಮ ಮೊಣಕಾಲುದ್ದ ನೀರಿಗೆ ಇಳಿದು ಬೊಗಸೆ ತುಂಬಿದಳು.

“ಈ ಜೀಪಿಗಿ ಬಂದೋರು ಯಾರ ಮ್ಯಾಲೂ ಕತ್ತರಿ ಆಡಾಂಗಿಲ್ಲ. ಇವತ್ತೂ ಇಲ್ಲ, ನಾಳಿನೂ ಇಲ್ಲ. ಆಡಿದ್ರ ನನ್ನ ಹೊಟ್ಟಿ ಹೊಳಿ ಪಾಲಾಗ್ಲಿ.”

ಕುಡಿದಳು. ಬಾಯಲ್ಲಿ ಮರಳು ಉಳಿಯಿತು.

ಊರು ಹೊಲದಿಂದ ಎದ್ದು ಬಂತು. ಸಾಲೆಯ ಜಂತಿಗೆ ಬಾಟಲಿ ಕಟ್ಟಿ ಹಸೀನಾ ಬೇಗಂ ಒಬ್ಬೊಬ್ಬರ ತೋಳಿನಲ್ಲಿ ನರ ಹುಡುಕಿದಳು. ಸಂಜೆಯ ಹೊತ್ತಿಗೆ ಬಸ್ಸಮ್ಮ ಕಣ್ಣು ಬಿಟ್ಟು, ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದೆನಲ್ಲ ಎಂದಳು. ರಂಜಾನಬಿಗೆ ಮಾತ್ರ ಬಾಟಲಿ ಮುಟ್ಟಲಿಲ್ಲ. ಸಜ್ಜೆಯ ಸಾಲಿನಲ್ಲೇ, ಯಾರೋ ಹೊದಿಸಿದ ಧೋತರದಡಿ ಅವಳು ತಣ್ಣಗಾಗಿದ್ದಳು. ಪಾರ್ವತೆಮ್ಮ ಮಣ್ಣು ಮೆತ್ತಿದ ಅವಳ ಕೂದಲನ್ನು ಬೆರಳಿನಿಂದಲೇ ಬಿಡಿಸಿ, ಬಾಚಿ, ಜಡೆ ಹಾಕಿದಳು. ಆಮೇಲೆ ರಂಜಾನಬಿಯ ಜನ ಬಂದು ಮಣ್ಣಿಗೆ ಒಯ್ದರು.

ಮರುದಿನ ಮಧ್ಯಾಹ್ನ ಸಾಲೆಯಲ್ಲಿ ನೆಲ ಒರೆಸುತ್ತಿದ್ದಾಗ ಪಾರ್ವತೆಮ್ಮನ ಹೊಟ್ಟೆಯೊಳಗೆ ಹಗ್ಗ ತಿರುವಿದಂತಾಯಿತು. ಅವಳಿಗೆ ತಿಳಿದುಹೋಯಿತು. ಸಾಯುವ ಭಯ ಮೊದಲು ಬರಲಿಲ್ಲ. ಮೊದಲು ಬಂದದ್ದು ಹಂಪಣ್ಣನ ಮುಖ. ಆಣೆ ತಟ್ಟಿತು ಎಂಬ ಒಂದು ಮಾತು ಎದ್ದರೆ ಸಾಕು, ಇವರೆಲ್ಲ ತೋಳಿನ ಸೂಜಿ ಕಿತ್ತೊಗೆದು ಮತ್ತೆ ಸಜ್ಜೆ ಹೊಲ ಸೇರುತ್ತಾರೆ, ಇನ್ನು ಯಾರ ಮಾತಿಗೂ ಹೊರಬರುವುದಿಲ್ಲ. ಅಯ್ಯಣ್ಣ ಮಾವನ ಮೈ ತೊಳೆದು ಬರುತ್ತೇನೆಂದು ಹೇಳಿ, ಗೋಡೆ ಹಿಡಿಯದೆ ನಡೆದು, ಅವನ ಗುಡಿಸಲಿನ ತಟ್ಟಿಬಾಗಿಲು ಎಳೆದುಕೊಂಡು ಒಳಗೆ ಬಿದ್ದಳು.

ಅಯ್ಯಣ್ಣ ತೆವಳಿ ಹೋಗಿ, ಅವಳೇ ಕಾಯಿಸಿ ಇಟ್ಟಿದ್ದ ನೀರಿಗೆ ಎಡಗೈಯಿಂದ ಉಪ್ಪು ಬೆಲ್ಲ ಹಾಕಿ ಕದಡಿದ. ಚರಿಗೆಯ ಅರ್ಧ ನೀರು ನೆಲದ ಪಾಲು, ಅರ್ಧ ಅವಳ ಬಾಯಿಗೆ. ವಾಂತಿಯಾದರೆ ಮತ್ತೆ ಕದಡಿದ. ಅವಳ ಸೀರೆ ಕೆಟ್ಟಾಗ ಮುಖ ಆಚೆ ತಿರುಗಿಸಿ ತನ್ನ ಕೌದಿಯನ್ನು ಅವಳ ಕಡೆ ನೂಕಿದ. ಇಷ್ಟು ವರ್ಷ ಅವಳು ಅವನಿಗೆ ಮಾಡಿದ್ದು ಅದನ್ನೇ. ಅದು ಇಷ್ಟು ನಾಚಿಕೆಯ ಭಾರವೆಂದು ಅವಳಿಗೆ ಆಗ ತಿಳಿಯಿತು.

ಹೊರಗೆ ಹಂಪಣ್ಣನ ದನಿ ಕೇಳಿತು. ಸಾಲೆಯಲ್ಲಿ ಕರೆಯುತ್ತಿದ್ದಾರೆ, ಪಾರ್ವತೆಮ್ಮ ಎಲ್ಲಿ ಎಂದು.

“ನನ್ನ ಮೈ ತೊಳಿಯಾಕತ್ಯಾಳ್ರಿ ಧಣೇರ,” ಎಂದು ಅಯ್ಯಣ್ಣ ಕೂಗಿದ. “ಬತ್ತಲೆ ಅದೀನಿ. ನೋಡಬೇಕಂದ್ರ ಬರ್ರಿ.”

ಹಂಪಣ್ಣ ಉಗುಳಿ ಹೊರಟುಹೋದ.

ಹುಡುಕಿಕೊಂಡು ಬಂದ ಹಸೀನಾ ಬೇಗಂ ತಟ್ಟಿ ಸರಿಸಿ ನೋಡಿದಳು, ಒಳಗೆ ಬಂದು ಮುಚ್ಚಿದಳು. ಬಾಟಲಿ ತಂದು ಕೌದಿಯ ಮರೆಯಲ್ಲಿ ಕಟ್ಟಿದಳು. ಅಯ್ಯಣ್ಣನಿಗೂ ಬೇನೆ ತಗುಲಿದೆ, ಪಾರ್ವತೆಮ್ಮ ಅವನ ಬಳಿ ಇರಲಿ ಎಂದು ಊರಿಗೆ ಸಾರಿದಳು. ಊರು ನಂಬಿತು. ಲಕ್ವಾದವನಿಗೆ ಇದೊಂದು ಕಡಿಮೆಯಾಗಿತ್ತು ಎಂದು ಮರುಗಿತು. ಅಯ್ಯಣ್ಣ ಒಳಗಿನಿಂದ ಚೆನ್ನಾಗಿ ನರಳಿದ.

ಅಮಾವಾಸ್ಯೆ ಬಂದು ಹೋಯಿತು. ಪಾರ್ವತೆಮ್ಮ ಸೊರಗಿದ್ದಳು, ಆದರೆ ಎದ್ದು ಓಡಾಡುತ್ತಿದ್ದಳು. ಹಂಪಣ್ಣನ ಮನೆಯಲ್ಲಿ ನೀರು ಕಾಯಿಸುವ ಹೊಗೆ ಕಂಡಿತು. ಅವನನ್ನು ನೋಡಿ ಉಳಿದ ಮನೆಗಳೂ ಕಾಯಿಸಿದವು. ಜೀಪು ಬಂದರೆ ಜನ ಓಡುವುದನ್ನು ಬಿಟ್ಟರು. ಹೊಸ ರೋಗಿಗಳು ಬರುವುದು ನಿಂತಿತು.

ಒಂದು ದಿನ ಮುಂಜಾನೆ ಬಂದ ಜೀಪಿನಲ್ಲಿ ಬಾಟಲಿಗಳಿರಲಿಲ್ಲ. ಹಸೀನಾ ಬೇಗಂ ಕೆಳಗಿಳಿಯಲಿಲ್ಲ, ಸೆರಗನ್ನು ಬಾಯಿಗೆ ಒತ್ತಿ ಹೊಳೆಯ ಕಡೆ ನೋಡುತ್ತ ಕೂತಿದ್ದಳು. ಡಾಕ್ಟರು ಪಾರ್ವತೆಮ್ಮನನ್ನು ಅಯ್ಯಣ್ಣನ ಗುಡಿಸಲಿನ ಮಗ್ಗುಲ ಬೇವಿನ ಮರದಡಿಗೆ ಕರೆದು ಮೆಲ್ಲಗೆ ಮಾತಾಡಿದರು. ಆಪರೇಷನ್ನಿನ ಲೆಕ್ಕ ತುಂಬುವ ತನಕ ಮೇಲಿನವರು ತಮ್ಮ ಯಾರ ಸಂಬಳವನ್ನೂ ಬಿಡುತ್ತಿಲ್ಲ. ವಾಂತಿಭೇದಿಯಲ್ಲಿ ಎಷ್ಟು ಜನ ಉಳಿದರೆಂದು ಕೇಳುವವರಿಲ್ಲ, ಆಪರೇಷನ್ ಎಷ್ಟು ಎಂದಷ್ಟೇ ಕೇಳುತ್ತಾರೆ. ರಾಯಚೂರಿನಲ್ಲಿ ಹಸೀನಾಳ ತಾಯಿ, ಇಬ್ಬರು ತಂಗಿಯರು ಅವಳ ಕೈಯನ್ನೇ ನೋಡುತ್ತಿದ್ದಾರೆ. ಇದನ್ನೆಲ್ಲ ಹೇಳಿ ಅವರು ಕನ್ನಡಕ ತೆಗೆದು ಒರೆಸಿದರು.

“ಈ ಊರಿಂದ ಒಂದೇ ಕೇಸು ಸಾಕು ಪಾರ್ವತೆಮ್ಮ. ಹುಡುಗರು ಬೇಡ, ಸಂಸಾರಸ್ಥರು ಬೇಡ. ಅಯ್ಯಣ್ಣ. ಅವನಿಗೇನು ನಷ್ಟ, ಹೇಳು? ಕಾಯಿಲೆ ಬಂದವನನ್ನು ಇನ್ನೊಮ್ಮೆ ತಪಾಸಣೆ ಮಾಡಬೇಕಂತೆ ಅಂದುಬಿಡು. ನೀನು ಹೇಳಿದರೆ ಊರಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ.”

ಯಾರೂ ಕೇಳುವುದಿಲ್ಲ ಎಂಬುದು ನಿಜ. ಬೊಗಸೆ ನೀರು ಕುಡಿದು ಅವಳು ಗಳಿಸಿದ್ದು ಅದನ್ನೇ.

ಗುಡಿಸಲಿನೊಳಗೆ ಎಲ್ಲ ಕೇಳಿಸಿತ್ತು.

“ಹೋಗ್ತೀನಿ ಬಿಡು ಪಾರ್ವತಿ,” ಎಂದ ಅಯ್ಯಣ್ಣ. “ನನ್ನ ಬದುಕಿನಾಗ ಒಮ್ಮಿನೂ ಜೀಪು ಹತ್ತಿಲ್ಲ ನಾ. ನಿನ್ನ ನೌಕ್ರಿ ಉಳೀತದ, ಆ ಬೀಬಿ ಮನಿ ಒಲಿ ಹತ್ತತದ. ಏನ್ ಹೋಗೂದದ ನನ್ನದು?”

ಹಾಸ್ಯದ ಮಾತೇ, ಆದರೆ ಆ ದನಿಯಲ್ಲಿ ನಗು ಇರಲಿಲ್ಲ. ತಟ್ಟಿಯ ಸಂದಿನಲ್ಲಿ ಅವನ ಎಡಗೈ ಕಾಣುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಅದು ಒಂದೇ ಸಮನೆ ತಡಕಾಡುತ್ತಿತ್ತು. ಹೊರಗೆ ಹೊರಡುವ ಮನುಷ್ಯನ ಕೈ. ಚರಿಗೆ ಹಿಡಿದು ಅವಳ ಬಾಯಿಗೆ ನೀರು ಬಿಟ್ಟ ಕೈ ಅದು.

ಡ್ರೈವರು ಜೀಪಿನ ಹಿಂದಿನ ಬಾಗಿಲು ತೆರೆದು ನಿಂತ. ಡಾಕ್ಟರು ಅವಳ ಮುಖವನ್ನೇ ನೋಡುತ್ತಿದ್ದರು. ಪಾರ್ವತೆಮ್ಮ ಹೋಗಿ ಗುಡಿಸಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಇಲ್ರೀ ಸಾಹೇಬ್ರ,” ಎಂದಳು. “ಮಾವನ್ನ ಕೊಡಾಂಗಿಲ್ಲ.”