ಸೋಲುವ ಹೊತ್ತಿಗೆ ಹೋಗುವ ನೆಟ್ಟು

ನಮ್ಮ ಮಾವ ನಿಜಗುಣಪ್ಪ ಮಾಸ್ತರರ ಬಳಿ ಎಲ್ಲದಕ್ಕೂ ಒಂದು ಕಾರಣ ಇರುತ್ತಿತ್ತು. ಕೇರಂನಲ್ಲಿ ಸೋತರೆ ಬೋರ್ಡು ಡೊಂಕು, ಎಲೆಕ್ಷನ್ನಿನಲ್ಲಿ ಅವರ ಮಂದಿ ಬಿದ್ದರೆ ಎಣಿಕೆ ತಪ್ಪು, ಸಂತೆಯಿಂದ ಹುಳುಕು ಬದನೆಕಾಯಿ ತಂದರೆ ಅವತ್ತು ಬೆಳಕು ಕಮ್ಮಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರಿಗೆ ಕಾರಣ ಹುಡುಕುವುದು ಎಷ್ಟು ಹೊತ್ತಿನ ಕೆಲಸ? ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಾನೂ ನಂಬುತ್ತಿದ್ದೆ.

2007ರ ಸುಮಾರಿಗೆ ನನ್ನ ಗಂಡ ಸುಭಾಸ ಅಂಗಡಿಯ ಕೆಲಸಕ್ಕೆಂದು ಬೈಲಹೊಂಗಲದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದರು. ತಿಂಗಳು ತುಂಬುವುದರೊಳಗೆ ಕಂಪ್ಯೂಟರು ಮಾವನವರ ಪಾಲಾಯಿತು. ರಾಮದುರ್ಗದಲ್ಲಿ ಅವರ ಗೆಳೆಯ ಗುರುನಾಥ ಮಾಸ್ತರರಿದ್ದಾರೆ. ಹರೆಯದಲ್ಲಿ ಇಬ್ಬರೂ ಸವದತ್ತಿಯ ಒಂದೇ ಸಾಲೆಯಲ್ಲಿ ಕಲಿಸುತ್ತ, ಒಂದೇ ಖೋಲಿಯಲ್ಲಿ ಬೇಯಿಸಿಕೊಂಡು ಉಂಡವರು. ಸಾಲೆ ಬಿಟ್ಟರೆ ಚೆಸ್, ಚೆಸ್ ಬಿಟ್ಟರೆ ಜಗಳ. ವರ್ಗಾವಣೆಯಾದ ಮೇಲೆ ನಿಂತಿದ್ದ ಆಟ ಈಗ ನೆಟ್ಟಿನಲ್ಲಿ ಮತ್ತೆ ಶುರುವಾಯಿತು. ದಿನಾ ಸಂಜೆ ಮಾವ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಮದುವೆಗೆ ಹೊರಟವರಂತೆ ಕುರ್ಚಿಗೆ ಬರುತ್ತಿದ್ದರು.

ತೊಂದರೆ ಇಷ್ಟೇ. ಮಾವ ಗೆಲ್ಲುತ್ತಿದ್ದರೆ ನೆಟ್ಟು ಗಟ್ಟಿಯಾಗಿರುತ್ತಿತ್ತು. ಸೋಲುವುದಕ್ಕೆ ಬಂದರೆ ಹೋಗುತ್ತಿತ್ತು. ಹೋದರೆ ಆ ಸೈಟಿನವರು ಆಟವನ್ನೇ ರದ್ದು ಮಾಡುತ್ತಿದ್ದರು, ಯಾರೂ ಗೆದ್ದಂತಲ್ಲ, ಯಾರೂ ಸೋತಂತಲ್ಲ. ಸ್ವಲ್ಪ ಹೊತ್ತಿಗೆ ನೆಟ್ಟು ತಾನಾಗಿಯೇ ಬರುತ್ತಿತ್ತು. ಅದಕ್ಕಿಂತ ಮೊದಲು ರಾಮದುರ್ಗದ ಫೋನು ಬರುತ್ತಿತ್ತು.

"ಲೇ ನಿಜಗುಣಾ, ಮತ್ತ ವಾಯರ್ ಕಿತ್ತೇನಲೇ?"

"ನಾ ಯಾಕ ಕೀಳ್ಲಿ? ತಾನ ಹೋತು!"

"ನಿನ್ನ ರಾಜಾ ಸಾಯೂ ಹೊತ್ತಿಗೇ ಹೋಗತೈತಿ. ಭಾಳ ನಿಯತ್ತ ಐತಿ ಬಿಡಪಾ ನಿನ್ನ ನೆಟ್ಟಿಗೆ!"

ಗುರುನಾಥ ಮಾಸ್ತರರ ದನಿ ಎಂಥದೆಂದರೆ ಫೋನು ಮಾವನವರ ಕಿವಿಯಲ್ಲಿದ್ದರೂ ಅಡುಗೆಮನೆಯಲ್ಲಿದ್ದ ನಮಗೆ ಕೇಳುತ್ತಿತ್ತು. ಮೊದಮೊದಲು ನಾವೂ ನಕ್ಕೆವು. ಬರಬರುತ್ತ ಆ ದನಿಯಲ್ಲಿ ನಗು ಕಮ್ಮಿಯಾಯಿತು. ಒಂದು ಸಂಜೆ ಅವರು ಮೆಲ್ಲಗೆ ಮಾತಾಡಿದರು. ಮೆಲ್ಲಗೆ ಅಂದರೆ ಅವರ ಲೆಕ್ಕದಲ್ಲಿ.

"ಸೋತರ ಸೋತೇನಿ ಅನ್ನೋ. ನನ್ನ ಮುಂದ ಎಂಥಾ ನಾಚಿಕಿ? ಆಯಿತವಾರ ಒಂದ ಆಟ ಆಡೂಣು. ಅವತ್ತೂ ನೆಟ್ ಹೋತಂದ್ರ, ನಾ ನಿನ್ನ ಕೂಡ ಇನ್ನ ಆಡೂದಿಲ್ಲ."

ಮಾವ ರಿಸೀವರ್ ಹಿಡಿದುಕೊಂಡೇ ಕೂತರು. ಜೀವನವಿಡೀ ಇಲ್ಲದ ಕಾರಣ ಹೇಳಿ ಮಂದಿಯನ್ನು ನಂಬಿಸಿದ ಮನುಷ್ಯ, ಈಗ ಖರೇ ಹೇಳಿದರೆ ನಂಬುವವರಿಲ್ಲ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಪಾಪ ಅನ್ನಿಸಿತು.

ಮರುದಿನದಿಂದ ಮನೆಯಲ್ಲಿ ತನಿಖೆ ಶುರುವಾಯಿತು. ಮಾವನವರ ಮೊದಲ ಗುಮಾನಿ ತಂತಿಯ ಮೇಲೆ ಕೂಡುವ ಗುಬ್ಬಿಗಳ ಮೇಲೆ. ಆಮೇಲೆ ತಂತಿಯ ಕೆಳಗೇ ಸೀರೆ ಒಣಹಾಕುವ ಪಕ್ಕದ ಮನೆಯ ಶಟ್ಟೆವ್ವನ ಮೇಲೆ. ಆಕೆ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಲೈನ್‌ಮನ್ ಸತ್ಯಪ್ಪ ಬಂದು ಕಂಬ ಹತ್ತಿ ಇಳಿದ, ಡಬ್ಬಿ ಬಿಚ್ಚಿ ಮುಚ್ಚಿದ, ಮೋಡೆಮ್ಮಿನ ದೀಪಗಳನ್ನು ನೋಡಿದ. "ಲೈನ್ ಚೊಕ್ಕ ಐತ್ರಿ ಮಾಸ್ತರ," ಎಂದ. ಕೆಲಸ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಅತ್ತೆ ಮಾಡಿಕೊಟ್ಟ ಚಹಾ ಕುಡಿದು ಹೋದ. ಸಂಜೆ ಮಾವ ಯಾರೋ ಗುರುತಿಲ್ಲದವರ ಜೊತೆ ಆಡಿ ಸೋಲುವುದಕ್ಕೆ ಬಂದರು, ನೆಟ್ಟು ಹೋಯಿತು.

ಶನಿವಾರ ಮಧ್ಯಾಹ್ನ ಕಂಪ್ಯೂಟರು ಖಾಲಿ ಸಿಕ್ಕಿತ್ತು. ನಾನು ಕೂತು ಕಸೂತಿಯ ನಮೂನೆ ನೋಡುತ್ತಿದ್ದೆ. ಅತ್ತೆ ಚನ್ನವ್ವ ಒಳಗೆ ಚಹಾಕ್ಕಿಡಲು ಹೋದರು. ಪಡಸಾಲೆಯ ಟ್ಯೂಬ್‌ಲೈಟು ಮಂಕಾಯಿತು, ಯುಪಿಎಸ್ ಕೀಂ ಎಂದಿತು, ಮೋಡೆಮ್ಮಿನ ದೀಪಗಳೆಲ್ಲ ಆರಿದವು. ಚಹಾ ನನ್ನ ಕೈಗೆ ಬರುವ ಹೊತ್ತಿಗೆ ದೀಪಗಳು ಮತ್ತೆ ಹತ್ತಿಕೊಂಡಿದ್ದವು.

ಸಿಲಿಂಡರಿಗೆ ನಂಬರ್ ಹಚ್ಚಿ ವಾರಗಟ್ಟಲೆ ಕಾಯುತ್ತಿದ್ದ ಕಾಲ ಅದು. ಚಹಾಕ್ಕೆ ಗ್ಯಾಸ್ ಮುಟ್ಟಬಾರದೆಂಬುದು ಅತ್ತೆಯ ಕಾಯಿದೆ. ಚಹಾ ಏನಿದ್ದರೂ ಕರೆಂಟಿನ ಒಲೆಯ ಮೇಲೆ. ಅದರ ಕಾಯಿಲ್ ಕೆಂಪಗಾದರೆ ಮನೆಯ ವೋಲ್ಟೇಜು ನೆಲ ಕಚ್ಚುತ್ತಿತ್ತು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ತಾಳಿಕೊಳ್ಳುತ್ತಿತ್ತು. ಮೋಡೆಮ್ಮು ಮಾತ್ರ ಗೋಡೆಯ ಪ್ಲಗ್ಗಿಗೆ ನೇತಾಡುತ್ತಿತ್ತು.

ಮಾವನವರನ್ನು ಕೂಗಿ ಕರೆದೆ. ನಾನು ಮೋಡೆಮ್ಮಿನ ಮುಂದೆ, ಅತ್ತೆ ಒಲೆಯ ಮುಂದೆ, ಮಾವ ನಡುಬಾಗಿಲಲ್ಲಿ.

"ಅತ್ತ್ಯಾರ, ಹಚ್ಚರಿ!"

"ಹಚ್ಚೇನಿ!"

"ಹೋತು! ಆರಸರಿ!"

"ಆರಿಸೇನಿ!"

"ಬಂತು!"

ಮಾವನವರಿಗೆ ಎಷ್ಟು ಖುಷಿಯೆಂದರೆ ಮತ್ತೆ ಮತ್ತೆ ಹಚ್ಚಿಸಿದರು, ಮತ್ತೆ ಮತ್ತೆ ಆರಿಸಿದರು. "ನಾ ಹೇಳಿರಲಿಲ್ಲಾ?" ಎನ್ನುತ್ತ ರಾಮದುರ್ಗಕ್ಕೆ ಫೋನು ಮಾಡಲು ರಿಸೀವರ್ ಎತ್ತಿದರು. ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಅಲ್ಲ್ರಿ ಮಾವಾರ, ನೀವು ಚಾ ಕೇಳೂದು ಯಾವಾಗ್ರಿ?"

ಉತ್ತರ ಅಡುಗೆಮನೆಯಿಂದ ಬಂತು. "ಆಟದಾಗ ಸಿಕ್ಕೊಂಡಾಗವಾ. ಮೊದಲ ತೊಡಿ ಅಲಗಾಡಸ್ತಾರ, ಆಮ್ಯಾಲ ಚಾ ಇಡು ಅಂತಾರ."

ಮಾವ ರಿಸೀವರ್ ಕೆಳಗಿಟ್ಟರು. ವಾಯರ್ ಕಿತ್ತಿರಲಿಲ್ಲ, ಅದು ಖರೆ. ಆದರೆ ಪ್ರತಿಸಲವೂ ನೆಟ್ಟು ಹೋದದ್ದು ಅವರ ಬಾಯಿಂದಲೇ. ಇದನ್ನು ಗುರುನಾಥ ಮಾಸ್ತರರಿಗೆ ಹೇಗೆ ಹೇಳುವುದು? ಹೇಳಿದರೆ ಪ್ರತಿಸಲ ಸೋಲುತ್ತಿದ್ದೆ ಅಂತಲೂ ಹೇಳಿದಂತೆಯೇ.

ಸುಭಾಸ ಬಂದು ನೋಡಿದರು. ಮೋಡೆಮ್ಮನ್ನು ಯುಪಿಎಸ್ಸಿಗೆ ಜೋಡಿಸಲು ಬೇರೆ ಪಿನ್ನಿನ ವಾಯರು ಬೇಕು, ಅದನ್ನು ಸೋಮವಾರ ಧಾರವಾಡದಿಂದ ತರುತ್ತೇನೆ ಎಂದರು. ಅಲ್ಲಿಯವರೆಗೆ ಆಟದ ಹೊತ್ತಿನಲ್ಲಿ ಒಲೆ ಬಂದ್ ಎಂದು ಠರಾವಾಯಿತು.

ಮರುದಿನ ಆಯಿತವಾರ, ಸಂಜೆ ಆಟ ಶುರುವಾಯಿತು. ಒಂದು ತಾಸು ಮಾವನವರ ಮುಖ ಅರಳಿತ್ತು. ಆಮೇಲೆ ಮಂತ್ರಿ ಹೋಯಿತು. ತೊಡೆ ಅಲುಗಾಡತೊಡಗಿತು. ಬಾಯಿ ತೆರೆದರು, ಮುಚ್ಚಿದರು. ತುಟಿ ಒಣಗಿದ್ದು ಅಡುಗೆಮನೆಯ ಬಾಗಿಲಿಗೇ ಕಾಣುತ್ತಿತ್ತು. ಕಾಯಿದೆ ಮುರಿದರೂ ಚಿಂತೆಯಿಲ್ಲ, ಗ್ಯಾಸಿನ ಮೇಲೆಯೇ ಚಹಾ ಮಾಡೋಣವೆಂದು ಲೈಟರ್ ತೆಗೆದುಕೊಂಡೆ. ಅತ್ತೆ ನನ್ನ ಕೈ ಹಿಡಿದರು.

"ತಡಿ."

ಅತ್ತೆಗೆ ಆನೆ ಯಾವುದು ಕುದುರೆ ಯಾವುದು ಗೊತ್ತಿಲ್ಲ. ಆ ತೊಡೆ ಮಾತ್ರ ಗೊತ್ತು. ಒಲೆಯ ಸ್ವಿಚ್ಚು ಬಾಗಿಲಿಗೆ ಹೊಂದಿಕೊಂಡೇ ಇತ್ತು. ಅದರ ಮೇಲೆ ಬೆರಳಿಟ್ಟು ನಿಂತು ಕೇಳಿದರು. "ಏನ್ರೀ, ಚಾ ಇಡ್ಲೇನ್ರಿ?"

ಈ ಮನೆಯಲ್ಲಿ ಚಹಾ ಕೇಳುವವರು ಮಾವ, ಗೊಣಗುತ್ತ ಕೊಡುವವರು ಅತ್ತೆ. ತಾವಾಗಿ ಕೇಳಿದ್ದನ್ನು ನಾನಂತೂ ಕಂಡಿರಲಿಲ್ಲ. ಮಾವ ತಿರುಗಿದರು. ಬೆರಳು ಎಲ್ಲಿದೆ ಎಂದು ನೋಡಿದರು. ಆಮೇಲೆ ಹೆಂಡತಿಯ ಮುಖವನ್ನು ನೋಡಿದರು, ಬಹಳ ಹೊತ್ತು. ನಾನು ಅಲ್ಲಿ ನಿಂತಿರಬಾರದಿತ್ತು ಅನ್ನಿಸಿತು.

"ಬ್ಯಾಡ," ಎಂದರು ಮಾವ.

ತಿರುಗಿ ಇನ್ನೂ ಎರಡು ನಡೆ ಆಡಿದರು. ಆಟ ಮುಗಿಯಿತು. ಮೋಡೆಮ್ಮಿನ ದೀಪಗಳು ಕದಲಲಿಲ್ಲ.

ಫೋನು ಬರಲಿಲ್ಲ. ಮಾವ ಅದರ ಪಕ್ಕದಲ್ಲೇ ಕೂತಿದ್ದರು. ಕಡೆಗೆ ಬಂತು. ಯಾವತ್ತಿನ ಆರ್ಭಟ ಇರಲಿಲ್ಲ, ನಾವು ಕಿವಿಗೊಟ್ಟು ಕೇಳಬೇಕಾಯಿತು.

"ನಿಜಗುಣಾ, ನೆಟ್ ಹೋಗಲಿಲ್ಲಲೋ?"

"ಇಲ್ಲ."

"ಮನ್ಯಾಗ ಎಲ್ಲಾರೂ ಆರಾಮ ಅದೀರಿಲ್ಲೋ? ವೈನಿ ಆರಾಮ ಅದಾರಿಲ್ಲೋ? ನಿನ್ನ ಬಿಪಿ ಏನರ ಏರೇತೇನ? ಖರೇ ಹೇಳು, ನಾ ಈಗಿಂದೀಗ ಬಸ್ ಹತ್ತತೇನಿ."

ಮಾವನವರಿಗೆ ನಗು ಬಂತು. ನಗುತ್ತಲೇ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

"ಏನೂ ಆಗಿಲ್ಲೋ ಮಾರಾಯ. ನಾ ಸೋತೇನಿ, ಅಷ್ಟ," ಎಂದರು. ಸ್ವಲ್ಪ ತಡೆದು, "ಆದ್ರೂ ಬಾ," ಎಂದರು.